ಬೊಮ್ಮಕ್ಕನ ಆಣೆ

ಕಾಲುವೆಮನೆ, ಹಿರಿಯೂರು
24 ಸೆಪ್ಟೆಂಬರ್ 1974

ನನ್ನ ಡಾಕ್ಟರ್ ಸಾಹೇಬರಿಗೆ, ಅಂದರೆ ತಿಪ್ಪೇರುದ್ರಪ್ಪನವರಿಗೆ, ಅಂದರೆ ನಿಮಗೆ,

ನಾವು ಮದುವೆಯಾಗಿ ಇಂದಿಗೆ ನೂರ ಹದಿನೆಂಟು ದಿನ. ಅದರಲ್ಲಿ ನಿಮ್ಮ ಜೊತೆ ಇದ್ದದ್ದು ಇಪ್ಪತ್ತಾರೇ ದಿನ. ಹೊಸದುರ್ಗದ ಕ್ವಾರ್ಟರ್ಸಿನ ಮಾಡು ರಿಪೇರಿಯಾಗುವವರೆಗೆ ಅಮ್ಮನ ಹತ್ತಿರ ಇರು ಎಂದಿರಿ, ಇದ್ದೇನೆ. ಆ ಮೇಸ್ತ್ರಿಗೆ ನನ್ನ ಶಾಪ ತಟ್ಟಲಿ. ತುಂಬಾ ಬೇಡ, ಒಂದು ಹಲ್ಲುನೋವಿನಷ್ಟು.

ನನ್ನ ಕಾನ್ವೆಂಟ್ ಕನ್ನಡಕ್ಕೆ ನಗಬೇಡಿ. ಇಂಗ್ಲಿಷಿನಲ್ಲಿ ಬರೆದರೆ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅತ್ತೆಗೆ ಅನುಮಾನ. ನಿಮ್ಮ ಪತ್ರ ಬಂದ ದಿನ ಅವರು ಜಗುಲಿಯ ಮೇಲೆ ಕೂತು, "ಓದವ್ವ, ನಮ್ ರುದ್ರ ಏನ್ ಬರ್ದವ್ನೆ" ಎನ್ನುತ್ತಾರೆ. ನಾನು ರೇಡಿಯೋದಲ್ಲಿ ವಾರ್ತೆ ಓದುವವಳ ಹಾಗೆ ಓದುತ್ತೇನೆ. ಕಳೆದ ಪತ್ರದಲ್ಲಿ ನೀವು ಬರೆದ "ನಿನ್ನ ನೆನಪಾಗುತ್ತದೆ" ಎಂಬ ಸಾಲನ್ನು "ಅಮ್ಮನ ನೆನಪಾಗುತ್ತದೆ" ಎಂದು ಓದಿಬಿಟ್ಟೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಪ ಎನಿಸಿತು, ಹೊಟ್ಟೆಕಿಚ್ಚೂ ಆಯಿತು.

ಈ ವಾರ ನನ್ನ ಕಾಲು ಒಂದು ಕಡೆ ನಿಂತಿಲ್ಲ. ಗೊಬ್ಬರಕ್ಕೆಂದು ಮಾವ ಹತ್ತಿ ಹೊಲದ ಪಕ್ಕದ ಬೀಳಿನಲ್ಲಿ ಕುರಿಮಂದೆ ನಿಲ್ಲಿಸಿದ್ದಾರೆ. ಮಂದೆಯ ಜೊತೆ ಮೂವರು: ಕಾಟಯ್ಯ, ಅವನ ಹೆಂಡತಿ ಬೊಮ್ಮಕ್ಕ, ಅವನ ತಮ್ಮ ದೊಡ್ಡತಿಮ್ಮಪ್ಪ. ಬೊಮ್ಮಕ್ಕ ನನ್ನ ವಯಸ್ಸಿನವಳು, ಮದುವೆಯೂ ನಮ್ಮ ಮದುವೆಯಾದ ತಿಂಗಳಲ್ಲೇ. ದಿನಾ ಹೋಗಿ ಅವಳ ಪಕ್ಕ ಕೂರುತ್ತೇನೆ.

"ನಿಮ್ ಯಜಮಾನ್ರು ಎಲ್ಲವ್ರೆ ಅವ್ವಾ?" ಎಂದು ಕೇಳಿದಳು.

"ಹೊಸದುರ್ಗದ ಆಸ್ಪತ್ರೆಯಲ್ಲಿ. ನಿಮಗೇನಾದರೂ ಕಾಯಿಲೆಯಾದರೆ ಅಲ್ಲಿಗೇ ಹೋಗಿ."

"ಒಬ್ರೇ ಅವ್ರಾ? ನಾನಾಗಿದ್ರೆ ಕುರಿ ಹಿಂದೆ ನಡ್ಕಂಡಾದ್ರೂ ಹೋಗ್ತಿದ್ದೆ. ನಿಮಗೆ ಬಸ್ಸೈತೆ, ಆದ್ರೂ ಕುಂತಿದೀರಲ್ಲ."

ಇದಕ್ಕೆ ನೀವೇ ಉತ್ತರ ಬರೆಯಿರಿ.

ಕುರುಬರು ಹುಣಸೆಬೀಜ ಅರೆದು ಕುದಿಸಿ, ಆ ಅಂಟು ಸರಿಯನ್ನು ಪೊರಕೆಯಿಂದ ಕಂಬಳಿಗೆ ಬಳಿದು ಒಣಗಿಸುತ್ತಾರೆ, ಗೊತ್ತೇ? ಕಂಬಳಿ ಹಲಗೆಯಂತೆ ಬಿರುಸಾಗುತ್ತದೆ. ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಮಳೆ ಬೇಗ ಒಳಗಿಳಿಯುವುದಿಲ್ಲವಂತೆ. ಬೊಮ್ಮಕ್ಕ ಆ ಕೆಲಸಕ್ಕೆ ಅಣಿಯಾಗುತ್ತಿದ್ದಾಗ ನಾನು ಅವಳಿಗೊಂದು ಸಣ್ಣ ಉಪಕಾರ ಮಾಡಿದೆ. ಏನೆಂದು ಕೇಳಬೇಡಿ, ಹೆಂಗಸರ ಗುಟ್ಟು.

ನಾಳೆ ಮಂದೆ ಹೊರಡುತ್ತದೆ. ಗಂಡ ಹೆಂಡತಿ ನಿಮ್ಮ ಹೊಸದುರ್ಗದ ಕಡೆಗೆ, ತಮ್ಮ ಅರ್ಧ ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆಗೆ. ನಾನು ಮತ್ತೆ ಒಬ್ಬಳೇ, ಅವರೆಕಾಯಿ ಸುಲಿಯುತ್ತಾ.

ನಿಮ್ಮ,
ಸರ್ವಮಂಗಳ


ಹೊಸದುರ್ಗ
2 ಅಕ್ಟೋಬರ್ 1974

ಚಿ. ಸೌ. ಸರ್ವಮಂಗಳಳಿಗೆ,

ಕ್ಷೇಮ. ಹೆಂಚು ಬಂದಿದೆ, ಮೇಸ್ತ್ರಿ ಬಂದಿಲ್ಲ. ಅವನಿಗೆ ನಿಜವಾಗಿ ಹಲ್ಲುನೋವು. ಇನ್ನು ಮೇಲೆ ಶಾಪ ಹಾಕುವ ಮೊದಲು ನನ್ನನ್ನು ಕೇಳು.

ನಿನ್ನ ಕಾಟಯ್ಯ ನನ್ನ ಬಳಿಗೇ ಬಂದ. ಮೂರು ದಿನದ ಹಿಂದೆ ಗಾಡಿಯಲ್ಲಿ ಮಲಗಿಸಿ ತಂದರು. ಬಾಯಲ್ಲಿ ಜೊಲ್ಲು ಧಾರೆಯಾಗಿ ಹರಿಯುತ್ತಿತ್ತು, ಮೈಯೆಲ್ಲ ಬೆವರು, ಎದೆಯಲ್ಲಿ ನೀರು ಕುದಿಯುವ ಸದ್ದು, ನಾಡಿ ನಿಮಿಷಕ್ಕೆ ನಲವತ್ತಾರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಹಾವಲ್ಲ, ಲಕ್ವವೂ ಅಲ್ಲ. ಹಿಂದಿನ ದಿನವೆಲ್ಲ ಮಳೆಯಲ್ಲಿ ಕುರಿ ಕಾಯ್ದಿದ್ದನಂತೆ. ಮಳೆ ಬಿದ್ದ ಮರುದಿನ ಬಯಲಲ್ಲಿ ಸಿಕ್ಕ ಅಣಬೆ ತಿಂದಿದ್ದಾನೆ ಎಂದು ನಿರ್ಧರಿಸಿದೆ. ಕೆಲವು ಅಣಬೆಗಳ ವಿಷ ಹೀಗೇ ಮಾಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಅಟ್ರೋಪಿನ್ ಚುಚ್ಚುಮದ್ದನ್ನು ಒಂದಾದ ಮೇಲೊಂದು ಕೊಟ್ಟೆ. ಆರನೆಯದಕ್ಕೆ ಬಾಯಿ ಒಣಗಿತು, ಪಾಪೆ ಅರಳಿತು. ಮೂರನೆಯ ದಿನ ನಡೆದುಕೊಂಡು ಹೋದ.

ನಮ್ಮ ಕಾಂಪೌಂಡರ್ ದಾಸಣ್ಣ ಇದನ್ನು ಊರಿಗೆಲ್ಲ ಸಾರಿದ್ದಾನೆ. ನನಗೂ ಸ್ವಲ್ಪ ಹೆಮ್ಮೆ, ಸುಳ್ಳು ಹೇಳುವುದಿಲ್ಲ.

ಕೇಳಬೇಡ ಎಂದ ಉಪಕಾರದ ಬಗ್ಗೆ ಕೇಳುವುದಿಲ್ಲ. ಅಮ್ಮನಿಗೆ ನಮಸ್ಕಾರ. ನೆನಪಾಗುತ್ತದೆ. ಯಾರ ನೆನಪೆಂದು ನೀನೇ ಸೇರಿಸಿ ಓದು.

ರುದ್ರ


ಕಾಲುವೆಮನೆ, ಹಿರಿಯೂರು
5 ಅಕ್ಟೋಬರ್ 1974

ನನ್ನ ಮಹಾ ಧನ್ವಂತರಿಗಳಿಗೆ,

ಪತ್ರವನ್ನು ಮೂರು ಸಲ ಜೋರಾಗಿ ಓದಿಸಿದರು. ಮೊದಲ ಸಲ ಅತ್ತೆಗೆ, ಎರಡನೆಯ ಸಲ ಪಕ್ಕದ ಹುಲಿಗೆಮ್ಮನಿಗೆ, ಮೂರನೆಯ ಸಲ ಹುಲಿಗೆಮ್ಮ ಕರೆತಂದ ಐದು ಜನಕ್ಕೆ. ನಾಡಿ ನಲವತ್ತಾರು ಎಂದಾಗ ಎಲ್ಲರೂ ತಮ್ಮ ತಮ್ಮ ಮಣಿಕಟ್ಟು ಹಿಡಿದು ನೋಡಿಕೊಂಡರು. ನನಗಂತೂ ನೆಲದ ಮೇಲೆ ಕಾಲೇ ಇಲ್ಲ.

ಆದರೆ ಒಂದು ಮಾತು. ಕಾಟಯ್ಯನ ಮನೆಯವರು ಅಣಬೆ ಮುಟ್ಟುವುದಿಲ್ಲ. ಬೊಮ್ಮಕ್ಕನೇ ಹೇಳಿದ್ದಳು. ಅವರ ಅಜ್ಜ ಯಾರೋ ಅಣಬೆ ತಿಂದು ಸತ್ತ ಮೇಲೆ ಬಿಟ್ಟರಂತೆ, ಅದರ ಮೇಲೆ ಹೆಜ್ಜೆ ಕೂಡ ಇಡುವುದಿಲ್ಲವಂತೆ. ಮರೆತು ತಿಂದಿರಬಹುದೇ? ಗಂಡಸರು ಹೆಂಡತಿಗೆ ಹೇಳದೆ ಏನೇನೋ ತಿನ್ನುತ್ತಾರೆ. ನೀವು ಏನು ತಿನ್ನುತ್ತಿದ್ದೀರಿ ಎಂದು ದಾಸಣ್ಣನನ್ನು ಕೇಳಿ ಬರೆಸಬೇಕು.

ಬೊಮ್ಮಕ್ಕ ಸಿಕ್ಕರೆ ನಾನು ಕೇಳಿದೆ ಎಂದು ಹೇಳಿ. ಚಿಗಟದ ಕಾಟ ನಿಂತಿತೇ ಎಂದೂ ಕೇಳಿ. ಅವಳಿಗೆ ಅರ್ಥವಾಗುತ್ತದೆ.

ಸ.


ಹೊಸದುರ್ಗ
9 ಅಕ್ಟೋಬರ್ 1974

ಸರ್ವಮಂಗಳ,

ಆತುರದಲ್ಲಿ ಬರೆಯುತ್ತಿದ್ದೇನೆ. ಕಾಟಯ್ಯ ಮತ್ತೆ ಮಳೆಯಲ್ಲಿ ನೆನೆದು ಏಳರಂದು ಬಂದಿದ್ದಾನೆ, ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ. ಮೈಯ ಮಾಂಸಖಂಡಗಳು ತಾವಾಗಿ ಅದುರುತ್ತಿವೆ. ಹೊಟ್ಟೆ ತೊಳೆದು ನೋಡಿದೆ. ಬಂದದ್ದು ಮುದ್ದೆ ಮತ್ತು ಸಾರು ಮಾತ್ರ, ಅಣಬೆಯ ಚೂರೂ ಇಲ್ಲ, ಔಷಧಿಯ ವಾಸನೆಯೂ ಇಲ್ಲ. ನೀನು ಹೇಳಿದ್ದು ಸರಿ. ನನ್ನ ಹೆಮ್ಮೆ ಮುಗಿಯಿತು.

ಅಟ್ರೋಪಿನ್ ಕೊಟ್ಟರೆ ಸುಧಾರಿಸುತ್ತಾನೆ, ನಾಲ್ಕು ಗಂಟೆ ಕಳೆದರೆ ಮತ್ತೆ ಜೊಲ್ಲು. ಚಳಿ ಎಂದು ನಡುಗುತ್ತಾನೆ. ಹೋದ ಸಲ ಮಂದೆಯಲ್ಲೇ ಬಿಟ್ಟು ಬಂದಿದ್ದ ಕಂಬಳಿಯನ್ನು ಈ ಸಲ ಹೊದ್ದೇ ಬಂದಿದ್ದಾನೆ, ಅದು ಹಿಂಡುವಷ್ಟು ಬೆವರಿನಲ್ಲಿ ನೆನೆಯುತ್ತದೆ. ಅದನ್ನು ಬಿಡು ಎಂದರೆ ಬಿಡುವುದಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಇನ್ನು ಹನ್ನೊಂದು ಆಂಪೂಲ್ ಉಳಿದಿವೆ. ಚಿತ್ರದುರ್ಗಕ್ಕೆ ಜನ ಕಳಿಸಿದ್ದೇನೆ.

ವಿಷ ಎಂದು ನಾನು ಬರೆದುಕೊಟ್ಟಿದ್ದರಿಂದ ಸಬ್ ಇನ್‌ಸ್ಪೆಕ್ಟರ್ ಬಂದ. ಒಂದೇ ಮಡಕೆಯ ಊಟ, ಗಂಡ ಬಿದ್ದಿದ್ದಾನೆ, ಹೆಂಡತಿ ಗಟ್ಟಿಯಾಗಿದ್ದಾಳೆ. ಅವನಿಗೆ ಅಷ್ಟು ಸಾಕಾಯಿತು. ಗಂಡನಿಗೆ ಏನಾದರೂ ಹಚ್ಚಿದೆಯಾ, ಕುಡಿಸಿದೆಯಾ, ಯಾವುದಾದರೂ ಔಷಧಿ ಮುಟ್ಟಿದೆಯಾ ಎಂದು ನಾನೂ ಕೇಳಿದೆ. ಬೊಮ್ಮಕ್ಕ ತಲೆ ತಗ್ಗಿಸಿ ನಿಂತಳು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ನಿನ್ನೆ ಅವಳನ್ನು ಠಾಣೆಗೆ ಕರೆದುಕೊಂಡು ಹೋದರು. ಅವಳು ಹೋದ ಮೇಲೂ ಇಂದು ಬೆಳಿಗ್ಗೆ ಕಾಟಯ್ಯನಿಗೆ ಹಾಗೆಯೇ ಆಯಿತು. ನನಗೆ ಅರ್ಥವಾಗುತ್ತಿಲ್ಲ. ಇನ್‌ಸ್ಪೆಕ್ಟರಿಗೆ ಅರ್ಥವಾಗಿದೆ, ಮೊದಲು ಹಾಕಿದ್ದೇ ಒಳಗೆ ಉಳಿದಿದೆಯಂತೆ.

ಚಿಗಟದ ವಿಷಯ ಕೇಳಲು ಮರೆತೆ. ಈಗ ಅದಕ್ಕೆ ಹೊತ್ತಲ್ಲ.

ರುದ್ರ


ತಂತಿ
ಹಿರಿಯೂರು, 11 ಅಕ್ಟೋಬರ್ 1974

ಕಂಬಳಿ ತಕ್ಷಣ ತೆಗೆಯಿರಿ. ಮೈ ಸೋಪಿನಿಂದ ತೊಳೆಯಿರಿ. ಕಂಬಳಿಯ ಸರಿಯಲ್ಲಿ ಹತ್ತಿ ಔಷಧಿ. ಪತ್ರ ಬರುತ್ತಿದೆ. ಸರ್ವಮಂಗಳ


ಹಿರಿಯೂರು ಅಂಚೆ ಕಚೇರಿ
11 ಅಕ್ಟೋಬರ್ 1974

ರುದ್ರ ಅವರಿಗೆ,

ಇಲ್ಲೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಟೈಲರ್ ಹತ್ತಿರ ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಂದೆ. ತಂತಿ ಕಳಿಸುವ ಗುಮಾಸ್ತ ಕಾಗದ ನೋಡಿ, "ಕಂಬಳಿ ತೆಗೀರಿ ಅಂತ ತಂತಿ ಕೊಡ್ತಾರೇನಮ್ಮ? ಇನ್‌ಲ್ಯಾಂಡ್ ಹಾಕಿ, ಸಸ್ತಾ ಆಗ್ತದೆ" ಎಂದ. ಕೈ ಮುಗಿದೆ. ಕಳಿಸಿದ.

ನಿಮ್ಮ ಪತ್ರವನ್ನು ಇವತ್ತು ಬೆಳಿಗ್ಗೆ ಜಗುಲಿಯ ಮೇಲೆ ಓದುತ್ತಿದ್ದೆ. ಹಿಂಡುವಷ್ಟು ನೆನೆಯುತ್ತದೆ ಎಂಬಲ್ಲಿ ನನ್ನ ಧ್ವನಿ ನಿಂತಿತು. "ಹೆಂಡ್ತಿನೇ ಹಾಕಿರ್ತಾಳೆ ಬಿಡು, ಮುಂದ್ ಓದು" ಎಂದರು ಅತ್ತೆ. ಮುಂದೆ ಏನು ಓದಿದೆನೋ ತಿಳಿಯದು. ಅಕ್ಷರ ಇರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ.

ನನ್ನ ಉಪಕಾರ ಇದು. ಕಂಬಳಿಯಲ್ಲಿ ಚಿಗಟ, ಕುರಿಯಿಂದ ಹತ್ತುವ ಉಣುಗು, ಇಬ್ಬರೂ ಕೆರೆದು ಕೆರೆದು ಸಾಯುತ್ತಿದ್ದೇವೆ ಎಂದಳು ಬೊಮ್ಮಕ್ಕ. ಪಂಪ್‌ಸೆಟ್ ಮನೆಯಲ್ಲಿ ಮಾವ ಹತ್ತಿಗೆ ಹೊಡೆಸುವ ಔಷಧಿಯ ಡಬ್ಬ ಇತ್ತು. ನಾನು ಒಂದು ಲೋಟದಷ್ಟು ಸೀಸೆಗೆ ಸುರಿದುಕೊಟ್ಟು, "ಸರಿಗೆ ಬೆರೆಸು, ಒಂದು ಹುಳವೂ ಉಳಿಯುವುದಿಲ್ಲ" ಎಂದೆ. ಅವಳು ಹೆದರಿದಳು. "ಇದ್ರಾಗೆ ಏನ್ ಬರ್ದೈತೆ ಓದ್ರವ್ವ" ಎಂದು ಡಬ್ಬ ತೋರಿಸಿದಳು. ನಾನು ಇಂಗ್ಲಿಷಿನಲ್ಲಿ ಮೇಲಿನ ಸಾಲು ಓದಿದೆ, ಎಲ್ಲ ಬಗೆಯ ಕೀಟಗಳಿಗೆ ಎಂದಿತ್ತು. ಅರ್ಥ ಹೇಳಿದೆ. ಎಷ್ಟು ಜಂಬ ನನಗೆ. ಅಷ್ಟಕ್ಕೇ ನಿಲ್ಲಿಸಿದೆ. ಕೆಳಗೆ ಸಣ್ಣ ಕೆಂಪಕ್ಷರದಲ್ಲಿ, ಚರ್ಮಕ್ಕೆ ತಾಗಿದರೆ ಪ್ರಾಣಾಪಾಯ ಎಂದಿದೆ. ಇವತ್ತು ಹೋಗಿ ಅದನ್ನು ಓದಿದೆ.

ಒಣಗಿದ್ದಾಗ ಸುಮ್ಮನಿತ್ತು. ಮಳೆಯಲ್ಲಿ ಕೊಪ್ಪೆ ಹಾಕಿದಾಗ ಇಳಿದಿದೆ. ಈಗ ಅವನ ಬೆವರೇ ಅದನ್ನು ಇಳಿಸುತ್ತಿದೆ. ನಾನು ಡಾಕ್ಟರಲ್ಲ, ತಪ್ಪಿರಬಹುದು. ತಪ್ಪಾಗಿದ್ದರೆ ಸಾಕು ಎಂದುಕೊಳ್ಳುತ್ತಿದ್ದೇನೆ, ಸರಿಯಾಗಿದ್ದರೆ ಸಾಕು ಎಂದೂ.

ಅವನು ಬದುಕಿದ್ದಾನೆಯೇ? ಒಂದೇ ಪದ ತಂತಿ ಕೊಡಿ.

ಸರ್ವಮಂಗಳ


ಹೊಸದುರ್ಗ
13 ಅಕ್ಟೋಬರ್ 1974

ಪ್ರೀತಿಯ ಸರ್ವಮಂಗಳ,

"ಬದುಕಿದ್ದಾನೆ" ಎಂಬ ತಂತಿ ತಲುಪಿರಬೇಕು. ಇದನ್ನು ನೀನೊಬ್ಬಳೇ ಓದು.

ನಿನ್ನ ತಂತಿ ನೋಡಿ ಮೊದಲು ನಿನಗೇ ಜ್ವರ ಬಂದಿದೆ ಎಂದುಕೊಂಡೆ. ದಾಸಣ್ಣ ಕಂಬಳಿ ಮೂಸಿ, "ಕಂಬ್ಳಿ ವಾಸ್ನೆ ಕಂಬ್ಳೀದೇ ಐತೆ ಸಾರ್, ಕುರಿ ಬಿಟ್ರೆ ಬ್ಯಾರೆ ಏನಿಲ್ಲ" ಎಂದ. ಆದರೂ ತೆಗೆಸಿ, ಒಂದು ಮೂಲೆಯನ್ನು ಬೇಸನ್ನಿನ ನೀರಿನಲ್ಲಿ ಅದ್ದಿಸಿದೆ. ಹುಣಸೆಸರಿಯ ನೀರಿಗೆ ನೊಣ ಮುತ್ತಿದವು. ಕೂತ ನೊಣ ಒಂದೂ ಏಳಲಿಲ್ಲ. ದಾಸಣ್ಣ ಬೇಸನ್ನನ್ನೂ ನನ್ನನ್ನೂ ನೋಡಿ, ಹೋಗಿ ತನ್ನ ಮೂಗನ್ನು ಸೋಪು ಹಚ್ಚಿ ತೊಳೆದುಕೊಂಡ.

ಕಾಟಯ್ಯನ ತಲೆ ಬೋಳಿಸಿ, ಮೂರು ಸಲ ಸೋಪಿನಿಂದ ತೊಳೆಸಿದೆ. ಚಿತ್ರದುರ್ಗದಿಂದ ಔಷಧಿಯೂ ಬಂತು. ಈಗ ಎರಡು ದಿನದಿಂದ ಬಾಯಿ ಒಣಗಿಯೇ ಇದೆ. ಇಂದು ಎದ್ದು ಕೂತು ಗಂಜಿ ಕುಡಿದ. ನಾನು ಐದು ವರ್ಷ ಓದಿ ಕಾಣದ್ದನ್ನು ನೀನು ಜಗುಲಿಯಲ್ಲಿ ಕೂತು ಕಂಡೆ.

ಬೊಮ್ಮಕ್ಕ ಮಾತ್ರ ಇನ್ನೂ ಠಾಣೆಯಲ್ಲಿದ್ದಾಳೆ. ಊಟದಲ್ಲಿ ಅಲ್ಲದಿದ್ದರೆ ಕಂಬಳಿಯಲ್ಲಿ ಹಾಕಿದ್ದಾಳೆ ಎನ್ನುತ್ತಾನೆ ಇನ್‌ಸ್ಪೆಕ್ಟರ್. ಅವಳು ಬಾಯೇ ಬಿಡುವುದಿಲ್ಲ. ನಾನೇ ಹೋಗಿ, "ನನ್ನ ಹೆಂಡತಿ ಎಲ್ಲ ಬರೆದಿದ್ದಾಳಮ್ಮ" ಎಂದೆ. ನಂಬಲಿಲ್ಲ. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ತಿರುಗಿದಳು.

ನೀನು ಹೆದರಬೇಡ. ನಿನ್ನ ಪತ್ರವನ್ನು ಒಲೆಗೆ ಹಾಕಿದ್ದೇನೆ. ಕೇಳಿದರೆ ನಾನೇ ಕಂಡುಹಿಡಿದೆ ಎನ್ನುತ್ತೇನೆ. ನಿನ್ನ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳುತ್ತೇನೆ. ಅವಳನ್ನು ಹೇಗಾದರೂ ಬಿಡಿಸೋಣ, ಸ್ವಲ್ಪ ದಿನ ಹಿಡಿಯಬಹುದು. ನಾಳೆಯಿಂದ ನಾಲ್ಕು ದಿನ ಹೊಳಲ್ಕೆರೆಯ ಕುಟುಂಬ ಯೋಜನೆ ಕ್ಯಾಂಪಿಗೆ ಹಾಕಿದ್ದಾರೆ. ಬಂದ ಮೇಲೆ ಬರೆಯುತ್ತೇನೆ.

ನಿನ್ನ ರುದ್ರ


ಹೊಸದುರ್ಗ ಆಸ್ಪತ್ರೆ
16 ಅಕ್ಟೋಬರ್ 1974, ಬೆಳಿಗ್ಗೆ
(ಹೊಳಲ್ಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ)

ರುದ್ರ ಅವರಿಗೆ,

ಮೊದಲು ಮುಖ್ಯವಾದದ್ದು. ಇನ್ನೊಂದು ಕಂಬಳಿ ಇದೆ. ಬೊಮ್ಮಕ್ಕ ಅದೇ ಮಡಕೆಯ ಸರಿಯನ್ನು ಎರಡು ಕಂಬಳಿಗೆ ಬಳಿದಿದ್ದಾಳೆ. ಎರಡನೆಯದು ಅವಳ ಮೈದುನ ದೊಡ್ಡತಿಮ್ಮಪ್ಪನ ಹೆಗಲ ಮೇಲಿದೆ. ಅವನು ಹೊಳಲ್ಕೆರೆಯಿಂದ ಹೊರಕೆರೆದೇವಪುರದ ದಾರಿಯಲ್ಲಿ ಎಲ್ಲೋ ಮಂದೆ ನಿಲ್ಲಿಸಿದ್ದಾನೆ. ಕ್ಯಾಂಪ್ ಬಿಟ್ಟು ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿ.

ನನ್ನ ಪತ್ರ ಸುಟ್ಟಿರಿ ಎಂದು ಓದಿದಾಗ ಒಂದು ಗಳಿಗೆ ಸುಖವಾಯಿತು. ಆ ಸುಖ ನೆನೆದರೆ ಈಗ ಹೇಸಿಗೆ. ಆ ಪತ್ರದಲ್ಲೂ ನಾನು ಒಂದನ್ನು ಬಿಟ್ಟಿದ್ದೆ. ಅತ್ತೆಗೆ ಗೊತ್ತಾಗಬಾರದೆಂದು, ಸೀಸೆ ಕೊಡುವಾಗ ಬೊಮ್ಮಕ್ಕನ ಕೈಯನ್ನು ಅವಳ ತಾಳಿಯ ಮೇಲೆ ಇಡಿಸಿ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ್ದೆ. ನನಗದು ಶಾಲೆಯಲ್ಲಿ ಗೆಳತಿಯರ ಜೊತೆ ಕಿರುಬೆರಳು ಸೇರಿಸಿದ ಹಾಗೆ, ಆಟ. ನೀವು ತಾಳಿ ಹಿಡಿದುಕೊಂಡಳು ಎಂದು ಬರೆದಾಗ ಗೊತ್ತಾಯಿತು, ಅವಳಿಗೆ ಅದು ಆಟವಾಗಿರಲಿಲ್ಲ.

ಎಲ್ಲವನ್ನೂ ಅತ್ತೆಗೆ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ತಾಳಿ ಮ್ಯಾಲೆ ಹಾಕ್ಸಿದ್ಯಾ?"

"ಹೌದು."

"ಹಂಗಾದ್ರೆ ಆ ಹುಡುಗಿ ಸತ್ರೂ ಬಾಯಿ ಬಿಡಲ್ಲ. ಆಣೆ ಹಾಕ್ಸಿದೋಳೇ ಹೋಗಿ ಇಳಿಸ್ಬೇಕು. ಕಾಗ್ದದಾಗೆ ಇಳಿಯಲ್ಲ ಅದು. ಏಳು, ಹೋಗಾಣ."

ಮಾವ ಏನೋ ಕೇಳಲು ಬಂದರು. "ನಿಮ್ ಡಬ್ಬಕ್ಕೆ ಬೀಗ ಹಾಕ್ರಿ ಮೊದ್ಲು" ಎಂದರು ಅತ್ತೆ, ಅಷ್ಟೇ.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ನನಗೆ ಕುರ್ಚಿ ಕೊಟ್ಟ. ಬೊಮ್ಮಕ್ಕ ನೆಲದ ಮೇಲಿದ್ದಳು. ನಾನು ನೆಲದ ಮೇಲೇ ಕೂತೆ. ಔಷಧಿ ಕೊಟ್ಟವಳು ನಾನು, ಬೆರೆಸು ಎಂದವಳು ನಾನು ಎಂದು ಹೇಳಿ ಬರೆಸಿ ಸಹಿ ಹಾಕಿದೆ. "ಡಾಕ್ಟರ್ ಮನೆಯವ್ರು ಇದ್ರಾಗೆಲ್ಲ ಯಾಕಮ್ಮ ಬರ್ತೀರಿ" ಎಂದು ಅವನು ಎರಡು ಸಲ ಕೇಳಿದ. ಅವನ ದನಿಯಲ್ಲಿದ್ದ ಮರ್ಯಾದೆ ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ.

ಆಮೇಲೆ ಅತ್ತೆ ತಂಬಿಗೆಯಲ್ಲಿ ಅರಿಸಿನದ ನೀರು ಕಲಸಿದರು. ನಾನು ಬೊಮ್ಮಕ್ಕನ ತಾಳಿಯನ್ನು ಅದರಲ್ಲಿ ಅದ್ದಿ, ಕಣ್ಣಿಗೊತ್ತಿಕೊಂಡು, ಕೊಟ್ಟ ಮಾತು ನಿನಗೆ ವಾಪಸ್ಸು ಎಂದೆ. ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದಳು: "ನಾ ಬಾಯಿ ಬಿಟ್ರೆ ಅವ್ನು ಉಳಿಯಲ್ಲ ಅಂತ ಸುಮ್ಕಿದ್ದೆ ಅವ್ವಾ. ನಾ ಸುಮ್ಕಿದ್ದಿದ್ದಕ್ಕೇ ಹೋಗ್ತಿದ್ದ ಅಂದ್ರಲ್ಲ ಈಗ."

ತಾಳಿಯ ಅರಿಸಿನದ ನೀರನ್ನು ನನ್ನ ಸೆರಗಿನಿಂದ ಒರೆಸಿದೆ. ಆಗಲೇ ಅವಳಿಗೆ ಮೈದುನ ನೆನಪಾದದ್ದು. ಎದ್ದು ನಿಂತುಬಿಟ್ಟಳು.

ಅವಳನ್ನು ಬಿಟ್ಟಿದ್ದಾರೆ. ಈಗ ಕಾಟಯ್ಯನ ಮಂಚದ ಪಕ್ಕ ಇದ್ದಾಳೆ. ಇಲ್ಲಿ ಮೋಡ ಕವಿದಿದೆ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ.

ಸ.


ಹೊಳಲ್ಕೆರೆ
17 ಅಕ್ಟೋಬರ್ 1974

ಪ್ರೀತಿಯ ಸರ್ವಮಂಗಳ,

ನಿನ್ನ ಚೀಟಿ ಕ್ಯಾಂಪಿನ ಬಾಗಿಲಲ್ಲೇ ಸಿಕ್ಕಿತು. ಆಪರೇಷನ್ನಿಗೆ ಮೂವತ್ತೊಂದು ಜನ ಸಾಲಿನಲ್ಲಿದ್ದರು. ನಾನು ಕೈಗವುಸು ತೆಗೆದದ್ದು ನೋಡಿ ದೊಡ್ಡ ಸಾಹೇಬರು ಟಾರ್ಗೆಟ್ ಬಗ್ಗೆ ಕೂಗಾಡಿದರು. ಬೆನ್ನು ತಿರುಗಿಸಿ ಕೇಳಿಸಿಕೊಂಡೆ. ಜೀಪು ಕೊಡಲಿಲ್ಲ. ಕ್ಯಾಂಪಿಗೆ ನನ್ನ ಜೊತೆ ಬಂದಿದ್ದ ದಾಸಣ್ಣ ಎಲ್ಲಿಂದಲೋ ಒಂದು ಸೈಕಲ್ ತಂದ. ನಾನು ತುಳಿದೆ. ಅವನು ಹಿಂದೆ ಕೂತು, ಕಂಡ ಪ್ರತಿ ಮಂದೆಗೂ ಕೂಗು ಹಾಕಿದ. ಮೂರು ಮಂದೆ ಬೇರೆಯವರದು. ಆಕಾಶ ಕಪ್ಪಾಗುತ್ತಲೇ ಇತ್ತು. ದಾರಿಯುದ್ದಕ್ಕೂ ನಾನು ಜೇಬಿನ ಆಂಪೂಲ್‌ಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹೊರಕೆರೆದೇವಪುರಕ್ಕೆ ಇನ್ನೂ ಎರಡು ಮೈಲಿ ಇರುವಾಗ ಒಂದು ಜೋಳದ ಕೂಳೆಯ ಹೊಲದಲ್ಲಿ ಅವನು ಸಿಕ್ಕ. ಕುರಿಗಳ ನಡುವೆ ಗಟ್ಟಿಯಾಗಿ ನಿಂತಿದ್ದ. ಪಾಪೆ ನೋಡಿದೆ, ಸರಿಯಿತ್ತು. ನಾಡಿ ಎಪ್ಪತ್ತೆರಡು. ಕಂಬಳಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದ. ಹಲಗೆಯಷ್ಟು ಒಣಗಿತ್ತು.

"ಮಳೆಯಲ್ಲಿ ಹೊದ್ದಿದ್ದೆಯಾ?" ಎಂದೆ.

"ಎಲ್ಲಿ ಮಳೆ ಸಾಮಿ. ಅಣ್ಣನ ಕಡೀಗೆ ಸುರೀತು ಅಂತಾರೆ. ನಮ್ ಕಡೆ ಮೂರು ವಾರದಿಂದ ಒಂದು ಹನಿ ಇಲ್ಲ. ನಮ್ ನಸೀಬು ಇಷ್ಟೇ ಬಿಡ್ರಿ" ಎಂದು ದೂರು ಹೇಳಿದ.

ಕಂಬಳಿ ಕೊಡಲು ಸುಲಭವಾಗಿ ಒಪ್ಪಲಿಲ್ಲ. ಅವರಪ್ಪ ನೇಯ್ದದ್ದಂತೆ. ನಿನ್ನಣ್ಣ ಆಸ್ಪತ್ರೆಯಲ್ಲಿದ್ದಾನೆ ಎಂದೆ, ಏಕೆಂದು ಹೇಳಿದೆ. ಕೊಟ್ಟವರು ಯಾರೆಂದೂ ಹೇಳಿದೆ, ಈ ಸಲ ನಿನ್ನ ಹೆಸರು ಬಿಡಲಿಲ್ಲ. ಅವನು ಕಂಬಳಿಯನ್ನು ತಾನೇ ಕೋಲಿನ ತುದಿಯಿಂದ ಎತ್ತಿ ಕೆಳಗಿಟ್ಟ. ನೀರಿನಿಂದ ದೂರ, ಗುಡ್ಡದ ಬುಡದಲ್ಲಿ, ಮೂವರೂ ಸೇರಿ ಆಳವಾದ ಗುಂಡಿ ತೋಡಿದೆವು.

ಮಣ್ಣು ಮುಚ್ಚಿ ತುಳಿಯುತ್ತಿದ್ದಾಗ ಮಳೆ ಬಂತು. ಸಣ್ಣ ಹನಿಯಲ್ಲ, ಒಮ್ಮೆಗೇ. ದೊಡ್ಡತಿಮ್ಮಪ್ಪನ ಕೈ ಅಭ್ಯಾಸದಂತೆ ಹೆಗಲಿಗೆ ಹೋಯಿತು, ಬರಿ ಮೈ ಸಿಕ್ಕಿತು. "ನೋಡ್ರಿ ಸಾಮಿ, ಈಗ್ ಬಂತು" ಎಂದ ಬೇಸರದಿಂದ. ದಾಸಣ್ಣ ಸೈಕಲ್ ತಳ್ಳಿಕೊಂಡು ಮರದ ಕೆಳಗೆ ಓಡಿದ. ನಾನು ಓಡಲಿಲ್ಲ. ಅವನ ಕೂದಲು, ಬೆನ್ನು, ತೋಳು ಎಲ್ಲ ತೊಯ್ದು ನೀರು ಇಳಿಯುವುದನ್ನು ನೋಡುತ್ತಾ ಅಲ್ಲೇ ನಿಂತೆ. ಅವನು ಪೂರ್ತಿ ನೆನೆದ. ಅವನಿಗೆ ಏನೂ ಆಗಲಿಲ್ಲ.

ರುದ್ರ